ಬೆಳಕು ಮೊದಲು, ಪೆಟ್ಟು ಆಮೇಲೆ

ಕೊಪ್ಪಳದ ಗವಿಮಠದ ತೇರು 2025ರ ಜನವರಿ 15ರಂದು ಸಾಗಿತು. ಜಾತ್ರೆಯ ಅಂಗಡಿಗಳು ಇನ್ನೂ ತೆರವಾಗಿರಲಿಲ್ಲ; ಅಷ್ಟರಲ್ಲೇ ಢೋಲಕ್ ಬಾರಿಸುವ ನಾನು ಮತ್ತು ನಮ್ಮ ಆರ್ಕೆಸ್ಟ್ರಾದ ಕೀಬೋರ್ಡ್ ವಾದಕರು ಮುಂಬಯಿಯ ರೈಲು ಹತ್ತಿದ್ದೆವು. 21ರಂದು ನವಿ ಮುಂಬಯಿಯ ನೇರೂಳಿನಲ್ಲಿರುವ ಡಿ.ವೈ. ಪಾಟೀಲ ಕ್ರೀಡಾಂಗಣದಲ್ಲಿ ಬ್ರಿಟನ್ನಿನ ಕೋಲ್ಡ್‌ಪ್ಲೇ ತಂಡದ ಕಾರ್ಯಕ್ರಮವಿತ್ತು. ಪ್ರಯಾಣದ ಬಗ್ಗೆ ಹೇಳುವಂಥದ್ದೇನಿಲ್ಲ, ಲಾಡ್ಜಿನ ಬಗ್ಗೆ ಇದೆ. ಫೋನಿನಲ್ಲಿ ಒಪ್ಪಿ ಮುಂಗಡವನ್ನೂ ಪಡೆದಿದ್ದವರು, ನಾವು ಬಾಗಿಲಿಗೆ ಬಂದು ನಿಂತ ಮೇಲೆ ಬಾಡಿಗೆಯನ್ನು ದುಪ್ಪಟ್ಟು ಮಾಡಿದರು. ಇಂಥ ದಿನಗಳಲ್ಲಿ ಹೋಗುವವರು ದರವನ್ನು ಬರವಣಿಗೆಯಲ್ಲಿ ಪಡೆಯಬೇಕು. ಇಲ್ಲವೇ ನೇರೂಳಿಗೆ ಲೋಕಲ್ ರೈಲಿರುವ ಠಾಣೆಯಲ್ಲಿ ಇಳಿದುಕೊಳ್ಳಬೇಕು.

ನಾನು ಹೋದದ್ದು ಡ್ರಮ್ಸ್ ಕೇಳುವುದಕ್ಕೆ. ಈ ತಂಡದ ಡ್ರಮ್ಮರ್ ವಿಲ್ ಚಾಂಪಿಯನ್ ಇಲ್ಲಿಗೆ ಸೇರುವ ಮೊದಲು ಪಿಯಾನೊ, ಗಿಟಾರ್ ನುಡಿಸುತ್ತಿದ್ದವರು, ಡ್ರಮ್ಮರ್ ಆಗಿರಲಿಲ್ಲ. ಅದಕ್ಕೋ ಏನೋ ಅವರ ಕೈಯಲ್ಲಿ ಮೆರೆಯುವ ಚಪಲವಿಲ್ಲ. ಪಲ್ಲವಿ ಮುಗಿಯುವ ಮುನ್ನವೇ ಉರುಳಿಕೆ (ಡ್ರಮ್ ರೋಲ್) ಹಾಕಿ ಶಿಳ್ಳೆ ಗಿಟ್ಟಿಸುವ ನಮ್ಮ ರಸಮಂಜರಿಯ ಕೈಗಳಿಗೆ ಈ ಸಂಯಮ ಸುಲಭವಾಗಿ ಒಗ್ಗುವುದಿಲ್ಲ. ಪಟಾಕಿ, ಬಣ್ಣದ ಕಾಗದ, ಬಲೂನುಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವು ಕೇಳುವವರಿಗಾಗಿ ಇರುವಂಥವಲ್ಲ.

ಆದರೆ ಕೈಪಟ್ಟಿ ನನ್ನನ್ನು ಹಿಡಿದು ನಿಲ್ಲಿಸಿತು. ಪ್ರೇಕ್ಷಕರೆಲ್ಲರ ಮಣಿಕಟ್ಟಿಗೆ ಕಟ್ಟಿದ ಆ ಪುಟ್ಟ ದೀಪಗಳು ತಂಡದವರ ಸಂಕೇತಕ್ಕೆ ಒಟ್ಟಿಗೇ ಹೊತ್ತಿ ಆರುತ್ತವೆ. ‘ವಿವಾ ಲಾ ವಿಡಾ’ ಹಾಡು ನಿಮಿಷಕ್ಕೆ ಸುಮಾರು 138 ಮಾತ್ರೆಗಳ (ತಾಳದ ಎಣಿಕೆಗಳ) ನಡೆಯದು, ಎಂದರೆ ಮಾತ್ರೆಯೊಂದಕ್ಕೆ 0.43 ಸೆಕೆಂಡು. ವೇದಿಕೆಯಿಂದ ನೂರು ಮೀಟರಿಗೂ ಆಚೆ ಕುಳಿತಿದ್ದ ನಮಗೆ, ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದವು ಅರ್ಧ ಮಾತ್ರೆಗೂ ಹೆಚ್ಚು ತಡವಾಗಿ ತಲುಪುತ್ತಿತ್ತು. ಬೆಳಕಿಗೆ ಆ ತಡವಿಲ್ಲ. ಹಾಗಾಗಿ ಮಣಿಕಟ್ಟು ಮೊದಲು ಮಿನುಗುತ್ತಿತ್ತು, ಪೆಟ್ಟು ಹಿಂದಿನಿಂದ ಬರುತ್ತಿತ್ತು, ನಾವು ಪೆಟ್ಟನ್ನು ಕೇಳಿ ತಟ್ಟಿದ ಚಪ್ಪಾಳೆ ವೇದಿಕೆಗೆ ಮರಳುವಷ್ಟರಲ್ಲಿ ಒಂದು ಮಾತ್ರೆಯೇ ದಾಟಿಹೋಗಿರುತ್ತಿತ್ತು. ಹತ್ತಾರು ಸಾವಿರ ಕೈಗಳು ಹೀಗೆ ಹಿಂದಕ್ಕೆ ಜಗ್ಗುತ್ತಿದ್ದರೂ ಚಾಂಪಿಯನ್ನರ ಲಯ ಕೂದಲೆಳೆಯಷ್ಟೂ ಅಲುಗಲಿಲ್ಲ. ಅವರ ಆಸರೆ ಕಿವಿಯೊಳಗಿನ ಮಾನಿಟರ್ ಎಂಬ ಇಯರ್‌ಫೋನ್. ಅದರಲ್ಲಿ ತಂಡದ ವಾದನವೇ ಕೇಳುತ್ತದೆ, ಮೈದಾನದ ಗದ್ದಲವಲ್ಲ. (ಗಾಯಕ ಕ್ರಿಸ್ ಮಾರ್ಟಿನ್ ತಮಗಿರುವ ಕಿವಿಮೊರೆತದ ತೊಂದರೆಯನ್ನು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಸೌಂಡ್ ಬಾಕ್ಸಿನ ಪಕ್ಕದಲ್ಲೇ ರಾತ್ರಿ ಕಳೆಯುವ ನಮ್ಮ ಹುಡುಗರು ಇದನ್ನು ತಿಳಿದಿರಬೇಕು.)

“ನಾಕ ಕಾರ್ಡ್ ತಿರುಗಾಮುರುಗಾ ಹಾಕ್ತಾರ, ಇದರಾಗೇನೈತ್ರಿ?” ಎಂದು ಹಾಡಿನ ಸ್ವರಗುಚ್ಛಗಳ (ಕಾರ್ಡ್) ಬಗ್ಗೆ ಮೊದಲು ಮೂಗು ಮುರಿದಿದ್ದ ನನ್ನ ಜೊತೆಗಾರರು, ನೇರೂಳಿನ ಪ್ಲಾಟ್‌ಫಾರ್ಮಿನಲ್ಲಿ ತಾವಾಗಿಯೇ “ಮಂದಿ ಹಿಂದ ಬಿದ್ರೂ ಅಂವ ಜಗ್ಗಲಿಲ್ಲ ಬಿಡ್ರಿ” ಎಂದರು. ನಮ್ಮ ಢೋಲಕ್ ಕೂಡ ಹಾಗೆಯೇ ನಿಲ್ಲಬೇಕೆಂದು ನಾನು ಹೇಳಿದ್ದೇ ತಡ, ವಾದ ಹೊತ್ತಿಕೊಂಡಿತು.

“ಭಜನ್ಯಾಗ ಲಯ ಏರಲಿಲ್ಲಂದ್ರ ಮಂದಿ ಎದ್ದು ಹೋಗ್ತಾರ. ಅವರು ಏರಸ್ತಾರ, ನಾವು ಏರಬೇಕು.”

ಗುಡಿಯ ಪಡಸಾಲೆಯಲ್ಲಿ ಚಪ್ಪಾಳೆ ಆ ಕ್ಷಣಕ್ಕೇ ಕಿವಿಗೆ ಬೀಳುವುದರಿಂದ ಜನರೂ ವಾದಕರೂ ಕೂಡಿ ಏರಬಹುದೆಂದೂ, ಬಯಲಿನಲ್ಲಿ ಹಾಗೆ ಏರಹೊರಟರೆ ಹಾಡೇ ಚದುರುವುದೆಂದೂ ನಾನು ವಿವರಿಸಿದೆ.

“ಹಂಗಾದ್ರ ಗವಿಮಠದ ಬಯಲಾಗ?”

ಅಲ್ಲಿಯೂ ನಾನು ಕಿವಿಗೆ ಮಾನಿಟರ್ ಹಾಕಿಕೊಂಡೇ ಬಾರಿಸುವೆನೆಂದೆ. “ಅಜ್ಜನ ಭಕ್ತರು ಚಪ್ಪಾಳಿ ತಟ್ಟುವಾಗ ಕಿವಿ ಮುಚ್ಚಿಕೊಂಡು ಕೂಡಾವ್ರ ಸಂಗಡ ನಾ ಕೀಬೋರ್ಡ್ ನುಡಸಂಗಿಲ್ಲ” ಎಂದವರು, ಸೊಲ್ಲಾಪುರ ದಾಟಿದ ಮೇಲೂ ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.