ಮಂಜಿನೊಳಗಿನ ದ್ರಾಕ್ಷಿ ತೋಟ

ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಕೋಸ್ಟ್ ಕಡೆಯ ಒಂದು ಪುಟ್ಟ ತೋಟಕ್ಕೆ ಹೋಗಿದ್ದೆ. ಗಂಡ, ಹೆಂಡತಿ, ಮಗಳು, ಅಷ್ಟೇ ಜನ. ಬೆಳಗ್ಗೆ ಹತ್ತಾದರೂ ಪೆಸಿಫಿಕ್ ಕಡೆಯ ಮಂಜು ಸರಿದಿರಲಿಲ್ಲ, ಸ್ವೆಟರ್ ಬಿಟ್ಟು ಬಂದ ನಾನು ನಡುಗುತ್ತಾ ನಿಂತಿದ್ದೆ. ಈ ತಂಪಿಗೇ ಪಿನೋ ನ್ವಾರ್ ಎಂಬ ವೈನ್ ದ್ರಾಕ್ಷಿ ನಿಧಾನವಾಗಿ ಹಣ್ಣಾಗುತ್ತದೆ, ಹುಳಿಯೂ ಉಳಿಯುತ್ತದೆ. ಆದರೆ ಗೊಂಚಲು ತೀರಾ ಒತ್ತೊತ್ತು, ಒಳಗೆ ತೇವ ನಿಂತರೆ ಬೂಷ್ಟು ಹಿಡಿಯುತ್ತದೆ, ಅದಕ್ಕೇ ಬೆಳಗಿನ ಬಿಸಿಲು ಬೀಳುವ ಬದಿಯ ಎಲೆಗಳನ್ನು ಕೈಯಲ್ಲೇ ಕಿತ್ತು ಗಾಳಿಯಾಡಲು ಬಿಟ್ಟಿದ್ದರು. ಎಷ್ಟು ಕೆಲಸ ಅಲ್ವಾ! ಮಗಳು ಒಂದು ಹಣ್ಣು ಹಿಸುಕಿ ಸಿಹಿ ಅಳೆಯುವ ರಿಫ್ರ್ಯಾಕ್ಟೋಮೀಟರಿಗೆ ರಸ ಬಿಟ್ಟು ನೋಡಿದಳು. 22 ಬ್ರಿಕ್ಸ್, ಅಂದರೆ ರಸದಲ್ಲಿ ಸುಮಾರು ಶೇಕಡಾ 22 ಸಕ್ಕರೆ. ಇನ್ನೊಂದು ವಾರ ಬೇಕು ಎಂದಳು. ಬೆಂಗಳೂರು ಬ್ಲೂ ಬೀಜ ಉಗುಳಿಕೊಂಡೇ ಬೆಳೆದವನು ನಾನು, ಇಲ್ಲಿ ಬೀಜವನ್ನೇ ಅಗಿದು ನೋಡಬೇಕಂತೆ. ಕಂದು ಬಣ್ಣಕ್ಕೆ ತಿರುಗಿ ಕರುಮ್ ಅಂದರೆ ಹಣ್ಣಾಯಿತು ಎಂದು ಲೆಕ್ಕ. ನನಗೆ ಸಿಕ್ಕಿದ್ದು ಇನ್ನೂ ಅರ್ಧ ಹಸಿರು, ಬಾಯೆಲ್ಲ ಒಗರು.