ಮಲಗುವ ಮುಂಚಿನ ಒಂದು ಸಾಲು

ನಿನ್ನೆ ರಾತ್ರಿ ಲೈಟ್ ಆರಿಸುವಾಗ ಮಗಳು ಕೇಳಿದಳು, 'ಅಮ್ಮಾ, ಆಮೆನ್ ಅಂದ್ರೆ ಏನು?' ಹೀಬ್ರೂ ಪದ ಕಣೇ, 'ಹೌದು, ಹಾಗೇ ಆಗಲಿ' ಅಂತ ಅರ್ಥ ಅಂದೆ. ಅವಳು ಮಗ್ಗುಲು ಬದಲಿಸಿ ನಿದ್ದೆ ಹೋದಳು. ನನಗೆ ನಿದ್ದೆ ಹತ್ತಲಿಲ್ಲ, ಪ್ರಾರ್ಥನೆಯ ಒಂದು ಸಾಲು ತಲೆಯಲ್ಲಿ ಸುತ್ತುತ್ತಿತ್ತು.

'ನಿನ್ನ ಕೈಯಲ್ಲಿ ನನ್ನ ಆತ್ಮವನ್ನು ಒಪ್ಪಿಸುತ್ತೇನೆ.' ಬೈಬಲಿನ 31ನೇ ಕೀರ್ತನೆಯ ಸಾಲು ಇದು. ಯೆಹೂದ್ಯರು ಇವತ್ತಿಗೂ ಮಲಗುವ ಮುಂಚೆ 'ಶೆಮಾ' ಪ್ರಾರ್ಥನೆಯ ಜೊತೆ ಇದನ್ನು ಹೇಳುತ್ತಾರೆ. ಚರ್ಚಿನ ರಾತ್ರಿ ಪ್ರಾರ್ಥನೆಯಲ್ಲೂ ಇದೇ ಸಾಲಿದೆ. ಲೂಕನ ಸುವಾರ್ತೆಯಲ್ಲಿ ಯೇಸು ಶಿಲುಬೆಯ ಮೇಲೆ ಕೊನೆಗೆ ಹೇಳುವುದೂ ಇದನ್ನೇ, ಮುಂದೆ 'ತಂದೆಯೇ' ಅಂತ ಸೇರಿಸಿ. ಅಂಥ ನೋವಿನಲ್ಲಿ ಅವನ ಬಾಯಿಗೆ ಬಂದದ್ದು ತನ್ನ ಜನರ ಹಳೆಯ ಕೀರ್ತನೆ.

ಇಷ್ಟು ವರ್ಷ ಇದು ಬರೀ ಗುಡ್ ಫ್ರೈಡೇ ಸಾಲು ಅಂದುಕೊಂಡಿದ್ದೆ. ಆ ಕೀರ್ತನೆಯನ್ನು ಪೂರ್ತಿ ಓದಿರಲಿಲ್ಲ. ಎದ್ದು ಬೈಬಲ್ ತೆಗೆದೆ. ಸ್ವಲ್ಪ ಕೆಳಗೇ ಒಡೆದ ಮಡಕೆಯ ಹಾಗಾಗಿದ್ದೇನೆ ಅನ್ನುವ ಮಾತಿದೆ. ಎಷ್ಟು ಸೋತವನ ಪ್ರಾರ್ಥನೆ, ಅಲ್ವಾ?

ಇವತ್ತು ರಾತ್ರಿ ಮಗಳಿಗೆ ಆ ಸಾಲನ್ನು ಹೇಳಿಕೊಡಬೇಕು. ಮೊದಲು ಹೀಬ್ರೂವಿನಲ್ಲೇ: 'ಬೆಯಾದ್‌ಖಾ ಅಫ್ಕೀದ್ ರೂಖೀ'.