ಜರಾಯು ರಕ್ತನಾಳದ ಮಾಡೆಲ್: ಪೊಟ್ಯಾಸಿಯಂ ಚಾನೆಲ್ ಸೇರಿಸಿದ ಮೇಲೆ

ಗರ್ಭದಲ್ಲಿರುವ ಮಗುವಿಗೆ ತಾಯಿಯಿಂದ ಆಮ್ಲಜನಕ, ಪೋಷಣೆ ತಲುಪಿಸುವ ಅಂಗ ಜರಾಯು. ಅದರಲ್ಲಿ ಮಗುವಿನ ರಕ್ತ ಹರಿಯುವ ನಾಳದ ಗೋಡೆಯಲ್ಲಿರುವ ಒಂದೇ ಒಂದು ಸ್ನಾಯುಕೋಶದ ಮಾಡೆಲನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಟ್ಟುವ ಕೆಲಸ ಸ್ವಲ್ಪ ಮುಂದೆ ಹೋಗಿದೆ. ಕೋಶ ಈಗ ತಾನಾಗಿಯೇ ಒಂದು ವೋಲ್ಟೇಜ್‌ಗೆ (ಕೋಶದ ಒಳಗೂ ಹೊರಗೂ ಇರುವ ವಿದ್ಯುತ್ ವ್ಯತ್ಯಾಸ) ಬಂದು ನಿಲ್ಲುತ್ತದೆ.

ಈ ನಾಳವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ದೇಹದ ಬೇರೆ ಕಡೆ ನಾಳ ಬಿಗಿಯಾಗಲು ನರಗಳಿಂದಲೂ ಅಪ್ಪಣೆ ಬರುತ್ತದೆ. ಜರಾಯುವಿನಲ್ಲಿ ಅಂಥ ನರಗಳೇ ಇಲ್ಲ. ಆಮ್ಲಜನಕ, ರಕ್ತದಲ್ಲಿ ಬರುವ ರಾಸಾಯನಿಕಗಳು, ಹರಿವಿನ ಉಜ್ಜಾಟ, ಇಷ್ಟರಲ್ಲೇ ಎಲ್ಲ ತೀರ್ಮಾನ ಆಗಬೇಕು. ಮಾಡೆಲ್ ಮಾಡುವವರಿಗೆ ಒಂದು ತಲೆನೋವು ಕಡಿಮೆ, ಅಲ್ವಾ?

ಪೊಟ್ಯಾಸಿಯಂ ಕೋಶದ ಒಳಗೆ 140, ಹೊರಗೆ 5 ಮಿಲಿಮೋಲಾರ್ ಅಂತ ಹಾಕಿದ್ದೇನೆ. 37 ಡಿಗ್ರಿಯಲ್ಲಿ ಅದರ ಸಮತೋಲನ ವೋಲ್ಟೇಜ್, ಅಂದರೆ ಪೊಟ್ಯಾಸಿಯಂ ಒಳಗೆ ಬರುವುದೂ ಹೊರಗೆ ಹೋಗುವುದೂ ಸಮವಾಗುವ ವೋಲ್ಟೇಜ್, ಸುಮಾರು -89 ಮಿಲಿವೋಲ್ಟ್. ಪೊಟ್ಯಾಸಿಯಂ ಚಾನೆಲ್‌ಗಳು, ಅಂದರೆ ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ದಾಟುವ ಬಾಗಿಲುಗಳು, ತೆರೆದಷ್ಟೂ ಕೋಶ ಆ ಕಡೆಗೆ ಇಳಿಯುತ್ತದೆ. ಇಳಿದರೆ, ವೋಲ್ಟೇಜ್ ಏರಿದಾಗ ತೆರೆಯುವ ಎಲ್-ಟೈಪ್ ಎಂಬ ಕ್ಯಾಲ್ಸಿಯಂ ಚಾನೆಲ್‌ಗಳು ಮುಚ್ಚುತ್ತವೆ, ಒಳಗೆ ಬರುವ ಕ್ಯಾಲ್ಸಿಯಂ ತಗ್ಗುತ್ತದೆ, ಸ್ನಾಯು ಸಡಿಲವಾಗುತ್ತದೆ. ಬಿಗಿಯುವ ಕೆಲಸ ಕ್ಯಾಲ್ಸಿಯಂನದು, ಆದರೆ ಅದಕ್ಕೆ ಬಾಗಿಲು ತೆಗೆಸುವುದೋ ಬೇಡವೋ ಎಂಬುದು ಹೆಚ್ಚಾಗಿ ಪೊಟ್ಯಾಸಿಯಂ ಕೈಯಲ್ಲಿದೆ.

ಮುಂದಿನದು ಆಮ್ಲಜನಕ. ದೇಹದ ಹೆಚ್ಚಿನ ಕಡೆ ಆಮ್ಲಜನಕ ಕಡಿಮೆಯಾದರೆ ನಾಳ ಅಗಲವಾಗುತ್ತದೆ. ಶ್ವಾಸಕೋಶದಲ್ಲಿ ಉಲ್ಟಾ, ಜರಾಯುವಿನಲ್ಲೂ ಉಲ್ಟಾ. ಆಮ್ಲಜನಕ ಸಿಗದ ಜಾಗಕ್ಕೆ ಮಗುವಿನ ರಕ್ತ ಸುಮ್ನೆ ಹೋಗಿ ಏನು ಪ್ರಯೋಜನ? ಅಲ್ಲಿನ ನಾಳ ಕಿರಿದಾದರೆ ರಕ್ತ ಚೆನ್ನಾಗಿ ಆಮ್ಲಜನಕ ಸಿಗುವ ಕಡೆ ತಿರುಗುತ್ತದೆ. ಇದರಲ್ಲಿ ಕೆವಿ ಎಂಬ ಪೊಟ್ಯಾಸಿಯಂ ಚಾನೆಲ್‌ಗೆ ಪಾತ್ರವಿದೆ. ಆಮ್ಲಜನಕ ಇಳಿದಾಗ ಅದು ಮುಚ್ಚಿಕೊಳ್ಳುತ್ತದೆ, ವೋಲ್ಟೇಜ್ ಸೊನ್ನೆಯ ಕಡೆ ಏರುತ್ತದೆ, ಕ್ಯಾಲ್ಸಿಯಂ ನುಗ್ಗುತ್ತದೆ.

ಮಾಡೆಲ್‌ನಲ್ಲಿ ಕೆವಿ ತಗ್ಗಿಸಿದಾಗ ವೋಲ್ಟೇಜ್, ಕ್ಯಾಲ್ಸಿಯಂಗಳ ಗೆರೆಗಳು ಹಾಗೇ ಏರಿದವು. ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ, ನಾನೇ ಬರೆದ ನಿಯಮ ನನಗೇ ವಾಪಸ್ ಬಂದಿದೆ. ನನಗೆ ಜಾಸ್ತಿ ಹಿಡಿಸಿದ್ದು ಬಿಕೆ ಎಂಬ ಇನ್ನೊಂದು ಪೊಟ್ಯಾಸಿಯಂ ಚಾನೆಲ್. ಕ್ಯಾಲ್ಸಿಯಂ ಹೆಚ್ಚಾದರೆ, ವೋಲ್ಟೇಜ್ ಏರಿದರೆ ಅದು ತೆರೆದು ವೋಲ್ಟೇಜನ್ನು ಮತ್ತೆ ಕೆಳಗೆ ಎಳೆಯುತ್ತದೆ. ಅದನ್ನು ಸೇರಿಸಿದ ಮೇಲೆ ಬಿಗಿತ ಒಂದು ಮಟ್ಟಕ್ಕೆ ಬಂದು ತಡೆದು ನಿಲ್ಲುತ್ತದೆ. ತೆಗೆದರೆ ಏರುತ್ತಲೇ ಹೋಗುತ್ತದೆ.

ಈ ತಡೆ ಯಾಕೆ ಮುಖ್ಯ ಅಂದರೆ, ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ಒತ್ತಡ ಅಷ್ಟೇ ಇದ್ದು ತ್ರಿಜ್ಯ 10% ಕಿರಿದಾದರೆ ಹರಿವು ಸುಮಾರು 34% ಕುಸಿಯುತ್ತದೆ.

ಕೆ-ಎಟಿಪಿ ಎಂಬ ಪೊಟ್ಯಾಸಿಯಂ ಚಾನೆಲ್ ಇನ್ನೂ ಬಾಕಿ. ಕೋಶದಲ್ಲಿ ಶಕ್ತಿ ಕಡಿಮೆಯಾದಾಗ ತೆರೆಯುವ ಚಾನೆಲ್ ಅದು, ಅಂದರೆ ಕೆವಿಗೆ ಎದುರು ದಿಕ್ಕಿನಲ್ಲಿ ಎಳೆಯುತ್ತದೆ. ಅದನ್ನು ಹಾಕಿದ ಮೇಲೆ ನಾಳದ ಒಳಪದರದ ಕೋಶ, ಅದರಲ್ಲಿ ಹರಿವಿನ ಉಜ್ಜಾಟಕ್ಕೆ ಸ್ಪಂದಿಸುವ ಪೀಜೋ1 ಎಂಬ ಚಾನೆಲ್.